ಹಿತ್ತಾಳೆ ತಗಡಿನ ಎರಡು ಗುಂಡಿ

ಬೈರಿದೇವರಕೊಪ್ಪದ ಹಿರೇಮಠದವರ ಮನೆಗೆ ಲಾರಿ ಬಂದದ್ದು ಸೊಸೆ ಬಂದ ವರ್ಷವೇ. ಇಬ್ಬರನ್ನೂ ಅತ್ತೆ ರತ್ನವ್ವ ಆರತಿ ಬೆಳಗಿಯೇ ಬರಮಾಡಿಕೊಂಡಿದ್ದಳು. ಆಮೇಲಿನ ನಾಲ್ಕು ವರ್ಷಗಳಲ್ಲಿ ಲಾರಿಗೆ ಸಂದ ಆರತಿಗಳಿಗೆ ಲೆಕ್ಕವಿಲ್ಲ. ಸೊಸೆ ಸಂಗವ್ವನಿಗೆ ಅದೇ ಮೊದಲು, ಅದೇ ಕೊನೆ.

ಲಾರಿ ಎಂದರೆ ದೊಡ್ಡದೇನಲ್ಲ. ಮುಂದೆ ಮೂವರು ಒತ್ತಿಕೊಂಡು ಕೂರುವ ಸೀಟು, ಹಿಂದೆ ತೆರೆದ ತೊಟ್ಟಿ. ಇವರ ಕೈಗೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಮಾವ ಮಹಾಂತಯ್ಯ ಅಯ್ಯತನದ ಜೋಳಿಗೆ ಬಿಟ್ಟು ಅದರಲ್ಲಿ ಊರವರ ಅರಳೆ, ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಯ ದುರ್ಗದಬೈಲಿಗೂ ಧಾರವಾಡಕ್ಕೂ ಸಾಗಿಸುವ ಧಂದೆ ಹಿಡಿದಿದ್ದ. ಮೊದಲಿನ ಮಾಲೀಕನೊಬ್ಬ ದೀಪದ ಸ್ವಿಚ್ಚನ್ನೂ ಮಳೆಯಲ್ಲಿ ಗಾಜು ಒರೆಸುವ ಕಡ್ಡಿಯ ಸ್ವಿಚ್ಚನ್ನೂ ಇದ್ದ ಜಾಗದಿಂದ ಕಿತ್ತು, ಡ್ರೈವರನ ಮುಂದಿನ ಹಲಗೆಯ ಮೇಲೆ ಒಂದು ಹಿತ್ತಾಳೆ ತಗಡಿಗೆ ಕೂರಿಸಿದ್ದ. ಹಿತ್ತಾಳೆಯ ಮೇಲೆ ಮುಗಿಲು ನೋಡುತ್ತ ಕುಳಿತ ಎರಡು ಕರಿಯ ದುಂಡು ಗುಂಡಿಗಳು. ಕೆಳಗೆ ಪೀಠ, ಮೇಲೆ ಕಪ್ಪು ಕಾಂತಿ. ರತ್ನವ್ವನ ಕೈ ತಾನಾಗಿಯೇ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಗೆ ಹೋಯಿತು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಆ ಎರಡು ಗುಂಡಿಗಳಿಗೆ ನೀರಿನಲ್ಲಿ ತೇಯ್ದ ವಿಭೂತಿ ಮೂರು ಬೆರಳಿನಷ್ಟು, ಮೇಲೆ ತೆಂಗಿನಕಾಯಿಯ ನೀರು.

"ಕೊರಳಾಗ ಒಬ್ಬಾಂವ ಅದಾನಲ್ಲ, ಸಾಲೂದಿಲ್ಲೇನು?" ಎಂದು ಮಹಾಂತಯ್ಯ ಮೊದಲ ಸಲ ನಕ್ಕಿದ್ದ.

"ಕೊರಳಾಗಿನಾಂವ ನನ್ನ ಕಾಯ್ತಾನ. ಇವು ನಿಮ್ಮನ್ನ ಕಾಯ್ತಾವ. ಸುಮ್ಮನ ಕುಂದರ್ರಿ."

ಅವನು ಸುಮ್ಮನೆ ಕುಳಿತ. ಮನೆಯಲ್ಲಿ ಅವನಿಗೆ ಚೆನ್ನಾಗಿ ರೂಢಿಯಾಗಿದ್ದ ಕೆಲಸ ಅದೊಂದೇ.

ಲಾರಿಯ ಹಿಂದೆಯೇ ಬಂದವನು ಡ್ರೈವರ್ ಉಸ್ಮಾನಸಾಬ, ಹಳೇಹುಬ್ಬಳ್ಳಿಯವನು. ನಲವತ್ತೈದರ ಆಸುಪಾಸು, ಮಾತು ಕಡಿಮೆ. ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ಹಿತ್ತಲ ಬಾಗಿಲಿಗೆ ಬಂದು ನಿಂತರೆ ಸಂಗವ್ವ ಒಂದು ತಂಬಿಗೆ ಮಜ್ಜಿಗೆ ಕೊಡುತ್ತಿದ್ದಳು. "ಉಪ್ಪು ಸರಿ ಐತ್ರಿ ಸಣ್ಣವ್ವಾರ" ಎನ್ನುತ್ತಿದ್ದ. ಆ ಮನೆಯಲ್ಲಿ ಅವಳ ಕೈಯ ಉಪ್ಪು ಸರಿ ಇದೆ ಎಂದು ಹೇಳುತ್ತಿದ್ದವನು ಅವನೊಬ್ಬನೇ.

ಸಾವಿರದೊಂಬೈನೂರ ಮೂವತ್ತೆಂಟನೆಯ ಇಸವಿಯ ಯುಗಾದಿ ಅಮಾವಾಸ್ಯೆಯ ಮರುದಿನ ಅವನು ಮಜ್ಜಿಗೆ ಕುಡಿದು ತಂಬಿಗೆ ತೊಳೆದಿಟ್ಟು ಅಲ್ಲೇ ನಿಂತ.

"ಸಣ್ಣವ್ವಾರ, ತುರುಬಿನ ಪಿನ್ನು ಒಂದು ಹಳೇದು ಇದ್ರ ಕೊಡ್ತೀರೇನ್ರಿ? ನನ್ನ ತಂತಿ ಮುರದು ಹೋತು."

"ಪಿನ್ನು ಯಾಕ?"

ಅವನು ಅತ್ತಿತ್ತ ನೋಡಿದ. "ಸ್ವಿಚ್ಚಿನಾಗ ಭಸ್ಮ ಇಳೀತೈತ್ರಿ. ಒಳಗ ಎರಡು ಹಿತ್ತಾಳಿ ನಾಲಿಗಿ ಅದಾವ, ಒಂದಕ್ಕೊಂದು ಮುಟ್ಟಿದ್ರ ದೀಪ. ನಡುವ ಭಸ್ಮ ಹೊಕ್ಕು ಗಟ್ಟಿ ಆದ್ರ ಮುಟ್ಟೂದಿಲ್ಲ. ಕಾಯಿನೀರು ಬಿದ್ರ ಹಸರ ಕಿಲುಬು. ಪ್ರತಿ ಅಮಾಸಿ ಮರುದಿನ ಕೆದರಿ ತಗೀತೇನ್ರಿ. ನಾಕು ವರ್ಷಾತು."

"ಅತ್ತಿಗೆ ಹೇಳಬೇಕಿಲ್ಲ?"

"ದೊಡ್ಡವ್ವಾರ ಕೈಯ ಭಸ್ಮರಿ ಅದು. ನಾ ಬ್ಯಾಡಂದ್ರ ಅದು ಬ್ಯಾರೆ ಮಾತಾಗ್ತೈತಿ. ನಿಮಗ ಅನುಕೂಲ ನೋಡಿ ಒಂದು ಮಾತು ಹಾಕ್ರಿ, ಗಾಡಿ ಮೂತಿಗೆ ಹಚ್ಚ್ರಿ ಅಂತ. ಅಲ್ಲಿ ಬೇಕಾದಷ್ಟು ಜಾಗಾ ಐತಿ."

ಸಂಗವ್ವ ತುರುಬಿನಿಂದ ಒಂದು ಪಿನ್ನು ಕಿತ್ತುಕೊಟ್ಟಳು. ತಲೆಗೆ ಕಮಲದ ಹೂವಿನದು, ತವರಿನದು, ಒಂದು ದಳ ಹಾರಿಹೋಗಿತ್ತು. "ಹೇಳ್ತೇನಿ" ಎಂದಳು.

ಹೇಳುವ ಮನಸ್ಸು ಅವಳಿಗೆ ಖರೇ ಇತ್ತು. ಆದರೆ ಅನುಕೂಲ ಎಂಬುದು ಸೊಸೆಯರಿಗೆ ಬರುವ ಬಗೆಯೇ ಬೇರೆ. ಹಿಂದಿನ ಮಹಾನವಮಿಯಲ್ಲಿ ಪಡಸಾಲೆಯ ಗೋಡೆ ಗಡಿಯಾರಕ್ಕೆ ಹೀಗೇ ಪೂಜೆಯಾಗಿ, ಅದು ನಾಲ್ಕೂ ಹತ್ತಕ್ಕೆ ನಿಂತುಹೋಗಿತ್ತು. "ಕಾಯಿನೀರು ಒಳಗ ಹೋಗಿರಬೇಕ್ರಿ ಅತ್ತಿ" ಎಂದು ಅಂದು ಬಾಯಿಬಿಟ್ಟಿದ್ದಳು. "ನಿಮ್ಮ ತವರಮನ್ಯಾಗ ದೇವರು ಒಣಗೇ ಇರತಾನೇನು?" ಎಂದ ರತ್ನವ್ವ ಎಂಟು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳಿದಳು: "ರೊಟ್ಟಿ ದಪ್ಪ ಆಗ್ಯಾವಂತ ಹೇಳು." ಗಡಿಯಾರ ಇನ್ನೂ ನಾಲ್ಕೂ ಹತ್ತನ್ನೇ ತೋರಿಸುತ್ತಿತ್ತು. ಅದರ ಕೆಳಗೆ ಹಾದುಹೋಗುವಾಗೆಲ್ಲ ಸಂಗವ್ವನ ಮಾತು ಗಂಟಲಿಗೆ ಬಂದು, ನಾಳೆ ಎಂದುಕೊಂಡು ಒಳಗಿಳಿಯುತ್ತಿತ್ತು. ಹೀಗೆ ಎರಡು ಅಮಾವಾಸ್ಯೆಗಳು ಹೋದವು. ಪಿನ್ನಿನ ಕೆಲಸ ಸಾಗಿಯೇ ಇತ್ತು, ದೀಪ ಉರಿಯುತ್ತಲೇ ಇತ್ತು. ಅವಸರವೇನೂ ಕಾಣಲಿಲ್ಲ.

ಅವಸರ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಮಣ್ಣಿನ ಎತ್ತುಗಳಿಗೆ ಪೂಜೆಯಾದ ಮೇಲೆ ರತ್ನವ್ವ ಹೊರಗೆ ನಿಂತ ದೊಡ್ಡ ಎತ್ತಿಗೆ, ಅಂದರೆ ಲಾರಿಗೆ, ಬಂದಳು. ಮಳೆಗಾಲದ ಮೊದಲ ದೂರದ ಖೇಪು, ಗಂಡನೂ ಜೊತೆಗೆ ಹೊರಟಿದ್ದಾನೆ, ಆದ್ದರಿಂದ ವಿಭೂತಿಯೂ ಧಾರಾಳ, ಕಾಯಿನೀರೂ ಧಾರಾಳ. ಪೂಜೆ ಮುಗಿದ ಕೂಡಲೇ "ಲಗೂ ನಡಿ, ಲಗೂ ನಡಿ" ಎಂದು ಮಹಾಂತಯ್ಯ ಹತ್ತಿ ಕುಳಿತ. ಉಸ್ಮಾನಸಾಬನಿಗೆ ಕಿಸೆಯಲ್ಲಿ ಕೈಯಾಡಿಸಲಿಕ್ಕೂ ಪುರಸತ್ತಾಗಲಿಲ್ಲ.

ಧಾರವಾಡದಿಂದ ತಿರುಗಿ ಬರುವಾಗ ರಾಯಾಪುರದ ಹತ್ತಿರ ಹೊತ್ತು ಮುಳುಗಿತು, ಮಳೆ ಹಿಡಿಯಿತು. ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿತು. ಗಾಜಿನ ಕಡ್ಡಿ ಅರ್ಧ ದಾರಿಗೆ ನಿಂತಿತು. ಉಸ್ಮಾನಸಾಬ ತಲೆ ಹೊರಗೆ ಹಾಕಿ ಬ್ರೇಕು ತುಳಿಯುವಷ್ಟರಲ್ಲಿ ಗಾಡಿ ಒಂದು ಮೈಲಿಗಲ್ಲನ್ನು ತಬ್ಬಿಕೊಂಡಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮಹಾಂತಯ್ಯನ ರುಮಾಲು ಕೆಸರಿಗೆ ಬಿತ್ತು. ಗಾಡಿ ತೆವಳುತ್ತ ಮನೆ ಸೇರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

"ಮೈಲಿಗಲ್ಲು ಇರಲಿಲ್ಲಂದ್ರ ಅದರಾಚೆ ಹಳ್ಳ ಇತ್ತು" ಎಂದು ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯದೆ ಮಹಾಂತಯ್ಯ ತಾಟನ್ನೇ ನೋಡುತ್ತ ಹೇಳಿದ.

"ನಾ ಪೂಜಿ ಮಾಡಿದ್ದಕ್ಕ ಕಲ್ಲು ಅಡ್ಡ ಬಂತು" ಎಂದಳು ರತ್ನವ್ವ.

ಮಗ ಶಾಂತಯ್ಯ, ಸಂಗವ್ವನ ಗಂಡ, ಝುಣಕ ಹತ್ತಿದ ಬೆರಳು ಮೇಲೆತ್ತಿದ. ಅವನು ಧಾರವಾಡದಲ್ಲಿ ಮ್ಯಾಟ್ರಿಕ್ಕಿನ ತನಕ ಓದಿದವನು. ದುರ್ಗದಬೈಲಿನ ರದ್ದಿ ಅಂಗಡಿಯಲ್ಲಿ ಮೋಟಾರು ಗಾಡಿಗಳ ಬೇನೆಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಂದಿನಿಂದ ಊಟಕ್ಕೂ ಅದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ. "ನಾಳೆ ನಾ ನೋಡ್ತೇನಿ. ಪ್ರತಿಯೊಂದಕ್ಕೂ ಕಾರಣ ಅಂತ ಒಂದು ಇರತೈತಿ."

ಸಂಗವ್ವ ಪಲ್ಯದ ಬೋಗುಣಿ ಹಿಡಿದು ನಿಂತಿದ್ದಳು. ಮಾವನ ತಾಟಿನಲ್ಲಿ ಮುರಿಯದೆ ಉಳಿದ ರೊಟ್ಟಿ ನೋಡಿದಳು. ಇದು ಹೊತ್ತಲ್ಲ ಎಂದುಕೊಂಡಳು.

ಮರುದಿನ ಶಾಂತಯ್ಯ ಪುಸ್ತಕ ಹೇಳಿದಂತೆಯೇ ನಡೆದ. ಬಲ್ಬು ಕಿತ್ತು ಬ್ಯಾಟರಿಗೆ ನೇರ ತಂತಿ ಮುಟ್ಟಿಸಿದ, ಉರಿಯಿತು. ಬಲ್ಬು ಸರಿ, ಬ್ಯಾಟರಿ ಸರಿ. ಸಣ್ಣ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ ಸ್ವಿಚ್ಚಿನ ತನಕ ಬಂದ, ಉರಿಯಿತು. ಸ್ವಿಚ್ಚು ದಾಟಿ ಮುಟ್ಟಿಸಿದ, ಉರಿಯಲಿಲ್ಲ. ಗಾಜಿನ ಕಡ್ಡಿಯದೂ ಅದೇ ಕತೆ. "ಸ್ವಿಚ್ಚು!" ಎಂದು ಅಂಗಳದಲ್ಲಿ ನಿಂತು ಘೋಷಿಸಿದ. ಅಲ್ಲಿಗೆ ಅವನು ಹೇಳಿದ್ದೆಲ್ಲ ಖರೇ. ಸ್ಕ್ರೂ ಡ್ರೈವರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಉಸ್ಮಾನಸಾಬ ತಗಡನ್ನು ಎತ್ತಿ, ಬಗ್ಗಿ, ಪಿನ್ನಿನಿಂದ ಒಳಗೆ ಕೆದರುತ್ತಿದ್ದ.

"ಏನು ಮಾಡಾಕತ್ತೀಯೋ?"

ಉಸ್ಮಾನಸಾಬ ಬೆಚ್ಚಿ ಕೈ ಹಿಂದೆ ಸರಿಸಿದ. ಆ ಕೈ ಹಿಂದೆ ಸರಿದದ್ದೇ ಶಾಂತಯ್ಯನಿಗೆ ಸಾಕಾಯಿತು. ಪುಸ್ತಕದ ಪಟ್ಟಿಯಲ್ಲಿ ಡ್ರೈವರ್ ಎಂಬ ಬೇನೆ ಇರಲಿಲ್ಲ. ಅದನ್ನು ಅವನು ತಾನೇ ಸೇರಿಸಿದ.

"ಅಪ್ಪಾರ, ಬರ್ರಿ ಇಲ್ಲೆ! ಸ್ವಿಚ್ಚು ಯಾಕ ಕೆಡತೈತಿ ಅಂತ ಈಗ ತಿಳೀತು. ಕೆಡಸೂದೂ ಇವನ, ರಿಪೇರಿ ಮಾಡಿ ಶಾಣ್ಯಾ ಆಗೂದೂ ಇವನ!"

ಮಹಾಂತಯ್ಯ ಬಂದ. ರತ್ನವ್ವ ಬಂದಳು. ಸಂಗವ್ವ ಮಜ್ಜಿಗೆಯ ತಂಬಿಗೆ ಹಿಡಿದು ಹಿತ್ತಲ ಬಾಗಿಲಿಂದ ಬಂದಳು.

"ಯಾಕೋ ಉಸ್ಮಾನಸಾಬ, ಖರೇ ಏನು?" ಎಂದ ಮಹಾಂತಯ್ಯ.

"ಕೆಡಸಿಲ್ರಿ ಅಯ್ಯಾರ. ಸ್ವಚ್ಛ ಮಾಡಾಕತ್ತಿದ್ದೆ."

"ಏನ ಸ್ವಚ್ಛ? ಏನಿತ್ತು ಅದರಾಗ?" ಶಾಂತಯ್ಯ ಮುಂದೆ ಬಂದ.

ಉಸ್ಮಾನಸಾಬ ರತ್ನವ್ವನ ಮುಖ ನೋಡಿದ. ಅವಳ ಹಣೆಯ ಮೇಲೆ ಆ ದಿನದ ವಿಭೂತಿ ಇನ್ನೂ ಹಸಿಯಾಗಿತ್ತು. "ಧೂಳರಿ" ಎಂದ.

ಅಷ್ಟರಲ್ಲಿ ರತ್ನವ್ವನ ಕಣ್ಣು ಅವನ ಕೈಯ ಮೇಲೆ ಬಿತ್ತು. "ಅದೇನೋ ಕೈಯಾಗ? ಹೆಣ್ಣುಮಕ್ಕಳ ಪಿನ್ನು? ಯಾರದದು?"

ಸಂಗವ್ವ ತಂಬಿಗೆಯೊಳಗೆ ನೋಡಿದಳು. ಮಜ್ಜಿಗೆಯ ಮೇಲೆ ಕರಿಬೇವಿನ ಎಲೆಯೊಂದು ತೇಲುತ್ತಿತ್ತು. ಉಸ್ಮಾನಸಾಬ ಅವಳ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದು ಅವಳಿಗೆ ತಂಬಿಗೆ ನೋಡುತ್ತಲೇ ಗೊತ್ತಾಯಿತು.

"ದುರ್ಗದಬೈಲದಾಗ ಕೊಂಡದ್ರಿ, ಮನ್ಯಾಕಿಗೆ" ಎಂದು ಪಿನ್ನನ್ನು ಕಿಸೆಗೆ ಹಾಕಿಕೊಂಡ.

"ಮನ್ಯಾಕಿಗೆ ಕೊಂಡದ್ದು ಗಾಡ್ಯಾಗ ಯಾಕ ಬಂತು?" ಎಂದ ಶಾಂತಯ್ಯ. "ನಿನ್ನಿ ಅಪ್ಪಾರು ಹಳ್ಳ ಕಾಣತಿದ್ರು. ಇವತ್ತಿಂದ ನೀ ಬರೂದು ಬ್ಯಾಡ."

ಮಹಾಂತಯ್ಯ ತನಗೆ ರೂಢಿಯಿದ್ದ ಕೆಲಸವನ್ನೇ ಮಾಡಿದ, ಸುಮ್ಮನೆ ನಿಂತ. ಉಸ್ಮಾನಸಾಬ ಸೀಟಿನ ಕೆಳಗಿನ ಅರಿವೆ ತೆಗೆದು ಕೈ ಒರೆಸಿಕೊಂಡು, ಅದನ್ನು ಮಡಿಸಿ ಮತ್ತೆ ಅಲ್ಲೇ ಇಟ್ಟ. "ಬರ್ತೇನ್ರಿ ದೊಡ್ಡವ್ವಾರ" ಎಂದು ನಡೆದೇ ಹೋದ. ಮಜ್ಜಿಗೆ ತಂಬಿಗೆಯಲ್ಲೇ ಉಳಿಯಿತು. ಸಂಗವ್ವ ಅದನ್ನು ತುಳಸಿಯ ಬುಡಕ್ಕೂ ಹಾಕಲಾರದೆ, ಒಳಗೂ ಒಯ್ಯಲಾರದೆ ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಆಮೇಲಿನ ನಾಲ್ಕು ವಾರ ಆ ಮನೆಯಲ್ಲಿ ಊಟಕ್ಕೆ ಹೊತ್ತು ಗೊತ್ತು ಇರಲಿಲ್ಲ. ಶಾಂತಯ್ಯ ಹಳೆಯ ಸ್ವಿಚ್ಚು ಎರಡನ್ನೂ ಒಳಗೇನಿದೆ ಎಂದು ನೋಡದೆಯೇ ಕಿತ್ತೆಸೆದು, ಹೊಸವು ತಂದು ಹಾಕಿದ. ಯಾರೂ ಕೈ ಹಾಕದಿರಲಿ ಎಂದು ತಗಡಿನ ನಾಲ್ಕೂ ಅಂಚಿಗೆ ಅರಗು ಕಾಸಿ ಸುರಿದು, ಅಂಚೆಯ ಪಾರ್ಸಲ್ಲಿನಂತೆ ಉಂಗುರದ ಮುದ್ರೆ ಒತ್ತಿದ. ಡ್ರೈವರ್ ಹೋದ ಮೇಲೂ ದೃಷ್ಟಿ ತಾಕಬಹುದೆಂದು ರತ್ನವ್ವ ಅಮಾವಾಸ್ಯೆಯ ಪೂಜೆಗೆ ಸೋಮವಾರಗಳನ್ನೂ ಸೇರಿಸಿದಳು. ಗುಂಡಿಯ ಸುತ್ತಿನ ಸಂದಿನಿಂದ ನೀರು ಒಳಗಿಳಿಯುತ್ತಿತ್ತು, ಅರಗು ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಎರಡನೆಯ ಸೋಮವಾರಕ್ಕೆ ಹೊಸ ಸ್ವಿಚ್ಚುಗಳೂ ಹಳೆಯವುಗಳ ದಾರಿ ಹಿಡಿದವು.

ಹೊಸ ಡ್ರೈವರ್ ಸಿಕ್ಕವನು ಒಂದು ವಾರ ನಡೆಸಿ, "ಈ ಗಾಡಿಗೆ ಡ್ರೈವರ್ ಬ್ಯಾಡ್ರಿ, ಪಂಚಾಂಗ ನೋಡಾವರು ಬೇಕು" ಎಂದು ಬಿಟ್ಟುಹೋದ. ಶಾಂತಯ್ಯ ತಾನೇ ನಡೆಸತೊಡಗಿದ. ಗಾಜಿನ ಕಡ್ಡಿಗೆ ಹುರಿ ಕಟ್ಟಿ ಎರಡೂ ಕಿಟಕಿಯಿಂದ ಒಳಗೆ ತಂದುಕೊಂಡು, ಮಳೆ ಬಂದಾಗ ಅಪ್ಪ ಒಂದು ಕಡೆ, ಮಗ ಒಂದು ಕಡೆ ಎಳೆಯುವುದು. ಮಬ್ಬಾದರೆ ಮೂತಿಗೆ ಕಂದೀಲು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕುಳಿತವರು, "ಹಿರೇಮಠದ ಅಯ್ಯಾರು ಮೊಸರು ಕಡೀಲಿಕ್ಕೆ ಹೊಂಟಾರ" ಎಂದು ನಗತೊಡಗಿದರು. ಅರಳೆಯ ಸಾಹುಕಾರರು ಚಕ್ಕಡಿಗೆ ಹೇಳಿ ಕಳಿಸತೊಡಗಿದರು.

ಆ ದಿನಗಳಲ್ಲೇ ಒಂದು ಸಂಜೆ ಶಾಂತಯ್ಯ ಜೋಳದ ನುಚ್ಚಿಗೆ ಮಜ್ಜಿಗೆ ಸುರಿದುಕೊಳ್ಳುತ್ತ ಹೇಳಿದ: "ಮೋಟಾರ ಸ್ಟ್ಯಾಂಡಿನಾಗ ಎಲ್ಲಾರಿಗೂ ಹೇಳಿ ಬಂದೇನಿ. ಸ್ವಿಚ್ಚಿಗೆ ಕೈ ಹಾಕೋ ಉಸ್ಮಾನಸಾಬ ಅಂತ ಈಗ ಅವನಿಗೆ ಹೆಸರು. ಹುಬ್ಬಳ್ಯಾಗ ಯಾರೂ ಗಾಡಿ ಕೊಡಂಗಿಲ್ಲ."

ಸಂಗವ್ವನ ಕೈಯಿಂದ ಸೌಟು ಜಾರಿತು.

"ಸೌಟಿಗೂ ದೃಷ್ಟಿ ತಾಕೇತಿ" ಎಂದು ರತ್ನವ್ವ ಬೆಕ್ಕಿಗೆ ಹೇಳಿದಳು.

ನಾಗರ ಅಮಾವಾಸ್ಯೆ ಬಂತು. ರತ್ನವ್ವ ವಿಭೂತಿಯ ಗಟ್ಟಿಯನ್ನು ತೇಯ್ದುಕೊಂಡು, ಸೆರಗು ಬಿಗಿದು, ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಳು. ಸಂಗವ್ವ ಕಾಯಿಯ ಬುಟ್ಟಿ ಹಿಡಿದು ಕೆಳಗೆ ನಿಂತಿದ್ದಳು.

"ಅತ್ತೀ, ಆ ಗುಂಡಿಗೆ ಹಚ್ಚಬ್ಯಾಡ್ರಿ."

ರತ್ನವ್ವನ ಮೂರು ಬೆರಳು ಗಾಳಿಯಲ್ಲೇ ನಿಂತವು. "ಏನಂದಿ?"

"ಭಸ್ಮ ಒಳಗ ಇಳದು ಗಟ್ಟಿ ಆಗತೈತಿ. ಅದರಿಂದಲೇ ದೀಪ ಹತ್ತೂದಿಲ್ಲ. ಉಸ್ಮಾನಸಾಬ ನಾಕು ವರ್ಷ ಅದನ್ನ ಕೆದರಿ ತಗೀತಿದ್ದ. ಆ ಪಿನ್ನು ನಂದು. ನಾನ ಕೊಟ್ಟಿದ್ದೆ."

ಒಮ್ಮೆ ಬಾಯಿಬಿಟ್ಟ ಮೇಲೆ ಮಾತುಗಳು ಅಷ್ಟೇ ಇದ್ದವು. ಪಡಸಾಲೆಯಿಂದ ಶಾಂತಯ್ಯ ಎದ್ದು ಬಂದ. ಯಾರನ್ನೂ ನೋಡದೆ ಚಾಕು ಕಾಸಿ ತನ್ನದೇ ಮುದ್ರೆಯನ್ನು ಕರಗಿಸಿದ. ತಗಡು ಎತ್ತಿದ. ಒಳಗೆ ಹಿತ್ತಾಳೆಯ ನಾಲಿಗೆಗಳು ಕಾಣಲೇ ಇಲ್ಲ. ಹಳೆಯ ಗೋಡೆಯ ಸುಣ್ಣದಂತೆ ಬಿಳಿಯ ಹಕ್ಕಳೆ, ಅಂಚಿಗೆ ಹಸಿರು ಕಿಲುಬು. ಅವನು ಚಿವುಟಿದ ಪುಡಿಯನ್ನು ತಾಯಿ ಅಂಗೈಯೊಡ್ಡಿ ತೆಗೆದುಕೊಂಡಳು, ಮೂಸಿದಳು. ಅದರ ವಾಸನೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅವತ್ತ ಯಾಕ ಹೇಳಲಿಲ್ಲ?" ಎಂದು ಶಾಂತಯ್ಯ ಹೆಂಡತಿಯ ಮೇಲೆ ತಿರುಗಿದ.

"ನೀವೆಲ್ಲಾರೂ ಪಿನ್ನು ಯಾರದು ಅಂತ ಕೇಳಿದ್ರಿ. ಸ್ವಿಚ್ಚಿನಾಗ ಏನೈತಿ ಅಂತ ಅವಾ ಎತ್ತಿದ್ದ ತಗಡಿನಾಗ ಬಗ್ಗಿ ನೋಡಿದ್ರ ಸಾಕಿತ್ತು."

ಮಾತು ಸರಿಯಾಗಿಯೇ ಇತ್ತು. ಆದರೆ ತಾನೇಕೆ ಹೇಳಲಿಲ್ಲ ಎಂಬುದಕ್ಕೆ ಅದು ಉತ್ತರವಲ್ಲ ಎಂದು ಸಂಗವ್ವನಿಗೆ ಗೊತ್ತಿತ್ತು.

"ಗಾಡಿ ಹೊರಡಸು" ಎಂದಳು ರತ್ನವ್ವ. "ಹಳೇಹುಬ್ಬಳ್ಳಿಗೆ."

ಉಸ್ಮಾನಸಾಬನ ಮನೆ ಒಂದು ಸಂದಿಯ ಕೊನೆಗಿತ್ತು. ಗಾಡಿ ಒಳಗೆ ಹೋಗುವಂತಿರಲಿಲ್ಲ. ಅತ್ತೆ ಸೊಸೆ ಕೆಸರಿನಲ್ಲಿ ನಡೆದು ಹೋದರು, ಶಾಂತಯ್ಯ ನಾಲ್ಕು ಹೆಜ್ಜೆ ಹಿಂದೆ. ಬಾಗಿಲು ತೆಗೆದವಳು ಉಸ್ಮಾನಸಾಬನ ಹೆಂಡತಿ ಮೈಮುನಾ. ಕೈ ಹಿಟ್ಟಾಗಿತ್ತು. ಚಾಪೆ ಹಾಸಿ, ಗೋಡೆಗೆ ಸರಿದು ನಿಂತಳು.

"ಉಸ್ಮಾನಸಾಬ ಎಲ್ಲಿ?" ಎಂದಳು ರತ್ನವ್ವ.

"ಹಳಿಯಾಳದ ಕಡೆ ಹೋಗ್ಯಾರ್ರಿ. ಕಟಗಿ ಡಿಪೋದಾಗ ಮರದ ದಿಮ್ಮಿ ಹೇರೂ ಕೆಲಸ. ಮುಂದಿನ ಬ್ಯಾಸಗಿ ತನಕ ಅಂತ ಕರಾರು."

"ಹೇರೂದು? ಡ್ರೈವರಿಕಿ ಅಲ್ಲ?"

"ಡ್ರೈವರಿಕಿ ಯಾರು ಕೊಡ್ತಾರ್ರಿ?" ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಶಾಂತಯ್ಯ ಹೊಸ್ತಿಲ ಹೊರಗಿನಿಂದ, "ನಾ ಸ್ಟ್ಯಾಂಡಿಗೆ ಹೋಗಿ ಹೇಳ್ತೇನಿ. ಅವನದೇನೂ ತಪ್ಪಿಲ್ಲಂತ ಎಲ್ಲಾರಿಗೂ ಹೇಳ್ತೇನಿ" ಎಂದ.

ಮೈಮುನಾ ಅವನ ಕಡೆ ಮೊದಲ ಸಲ ನೋಡಿದಳು. "ಹೇಳ್ರಿ ಸಣ್ಣಯ್ಯಾರ. ಅಂದು ಅಲ್ಲಿದ್ದವರೆಲ್ಲ ಇಂದೂ ಅಲ್ಲೇ ಕುಂತಿರತಾರೇನ್ರಿ? ಒಬ್ಬಾಂವ ಗದಗಿಗೆ ಹೋಗ್ಯಾನ, ಒಬ್ಬಾಂವ ಕಾರವಾರಕ್ಕ. ಯಾರ ಬೆನ್ನ ಹತ್ತತೀರಿ?"

ರತ್ನವ್ವ ತಂದಿದ್ದ ಕಾಯಿ, ಬೆಲ್ಲ ಚಾಪೆಯ ಮೇಲಿಟ್ಟಳು. ಹೊರಡುವಾಗ ಮೈಮುನಾ ಗೂಡಿನಿಂದ ಒಂದು ಕಾಗದದ ಪುಡಿಕೆ ತೆಗೆದು ಸಂಗವ್ವನ ಕೈಗೆ ಕೊಟ್ಟಳು.

"ಸಣ್ಣವ್ವಾರದು, ಅವರ ಕೈಯಾಗ ಕೊಡು ಅಂದಿದ್ರು. ನಾ ಹೆಂಗ ಬರಲ್ರಿ ನಿಮ್ಮ ಮನಿಗೆ? ಏನಂತ ಹೇಳಿ ಕೊಡ್ಲಿ?"

ಬಿಚ್ಚದೆಯೇ ಸಂಗವ್ವನ ಬೆರಳಿಗೆ ಕಮಲದ ದಳಗಳು ಸಿಕ್ಕವು. ರತ್ನವ್ವ ಅದನ್ನು ನೋಡಿ ಮುಂದೆ ನಡೆದಳು.

ತಿರುಗಿ ಬರುವಾಗ ಮಳೆ. ಸಂದಿಯ ಬಾಯಿಗೆ ನಿಂತ ಗಾಡಿಯಲ್ಲಿ ಕುಳಿತು ಶಾಂತಯ್ಯ ಅದೇ ಪಿನ್ನು ಕೇಳಿ ತೆಗೆದುಕೊಂಡು, ಸೀಟಿನ ಕೆಳಗೆ ಮಡಿಸಿಟ್ಟಿದ್ದ ಅರಿವೆ ಹಿಡಿದು ಹಿತ್ತಾಳೆಯ ನಾಲಿಗೆಗಳನ್ನು ತಿಕ್ಕಿದ. ಗುಂಡಿ ತಿರುವಿದ. ದೀಪ ಒಂದೇ ಸಲಕ್ಕೆ ಹೊತ್ತಿತು, ಕಡ್ಡಿ ಗಾಜಿನ ಮೇಲೆ ಅತ್ತಿಂದಿತ್ತ ಸಲೀಸಾಗಿ ಓಡಾಡಿತು. ಬೈರಿದೇವರಕೊಪ್ಪದ ತನಕ ದಾರಿ ಅಂಗೈಯಂತೆ ಕಾಣುತ್ತಿತ್ತು. ಮೂವರೂ ಆ ದಾರಿಯನ್ನೇ ನೋಡುತ್ತ ಕುಳಿತರು.

ಶಾಂತಯ್ಯ ಸ್ಟ್ಯಾಂಡಿಗೆ ಎರಡು ಸಲ ಹೋಗಿ ಬಂದ. ಮೊದಲ ಸಲ ನಕ್ಕರಂತೆ, ಎರಡನೆಯ ಸಲ ಯಾವ ಉಸ್ಮಾನಸಾಬ ಎಂದರಂತೆ. ಮಹಾಂತಯ್ಯ ಹಳಿಯಾಳಕ್ಕೆ ಕಾಗದ ಬರೆಸಿದ. ಉತ್ತರ ಬರಲಿಲ್ಲ. ಮೋಟಾರಿನ ಪುಸ್ತಕ ಪಡಸಾಲೆಯ ಗೋಡೆಗೂಡಿನಲ್ಲಿ, ನಿಂತ ಗಡಿಯಾರದ ಕೆಳಗೆ ಉಳಿಯಿತು. ಅರಳೆಯ ಸಾಹುಕಾರರಲ್ಲಿ ಇಬ್ಬರು ಮರಳಿ ಬಂದರು.

ಮುಂದಿನ ತಿಂಗಳು, ಬೆನಕನ ಅಮಾವಾಸ್ಯೆಯ ಬೆಳಿಗ್ಗೆ ರತ್ನವ್ವ ವಿಭೂತಿ ತೇಯ್ದುಕೊಂಡು ಗಾಡಿಯ ಮುಂದೆ ನಿಂತಳು. ಮೆಟ್ಟಿಲಿಗೆ ಕಾಲು ಎತ್ತಿದವಳು ಇಳಿಸಿದಳು. ಗಾಡಿಯನ್ನು ಒಂದು ಸುತ್ತು ಹಾಕಿ ಬಂದಳು. ಮೂರು ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಹಚ್ಚಲಿ?" ಎಂದಳು. ಬೆಕ್ಕು ಅಲ್ಲೆಲ್ಲೂ ಇರಲಿಲ್ಲ.

"ಮೂತಿಗೆ ಹಚ್ಚ್ರಿ ಅತ್ತಿ" ಎಂದಳು ಸಂಗವ್ವ. "ಅಲ್ಲಿ ಬೇಕಾದಷ್ಟು ಜಾಗಾ ಐತಿ. ಹಂಗಂತ ನಿಮಗ ಹೇಳ್ರಿ ಅಂದಿದ್ದ."

"ಯಾರು?"

"ಉಸ್ಮಾನಸಾಬ."

"ಯಾವಾಗ?"

"ಯುಗಾದಿ ಅಮಾಸಿ ಮರುದಿನ."

ರತ್ನವ್ವ ಬೆರಳ ಗೆಣ್ಣುಗಳ ಮೇಲೆ ಎಣಿಸಿದಳು. ಯುಗಾದಿಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಮೂರು ತಿಂಗಳು. "ಅಷ್ಟು ದಿವಸ ನಿನ್ನ ಬಾಯಾಗ ಇತ್ತೇನು ಈ ಮಾತು?" ಬಯ್ಯುವ ದನಿಯಾಗಿರಲಿಲ್ಲ. "ಹೇಳಾಕ ಎಷ್ಟು ಹೊತ್ತು ಹಿಡೀತಿತ್ತ ಯವ್ವಾ?"

"ಈಗ ಹಿಡೀತಲ್ರಿ" ಎಂದಳು ಸಂಗವ್ವ. "ಅಷ್ಟ."

ರತ್ನವ್ವ ಗಾಡಿಯ ಮೂತಿಗೆ ಉದ್ದಕ್ಕೂ ಮೂರು ಗೆರೆ ಎಳೆದಳು. ಶಾಂತಯ್ಯ ಹೊರಡಿಸಿದ. ಗಾಡಿ ಅಗಸಿ ದಾಟುವುದರೊಳಗೆ ಮಳೆ ಬಂದು ಆ ವಿಭೂತಿಯನ್ನೆಲ್ಲ ತೊಳೆದುಕೊಂಡು ಹೋಯಿತು. ಗಾಡಿಗೆ ಏನೂ ಆಗಲಿಲ್ಲ.